ಅಡಚಣೆಯ ವರ್ಷಕ್ಕೊಂದು ನಿಧಿ

ಶಿಡ್ಲಘಟ್ಟ ತಾಲ್ಲೂಕು, ಜಂಗಮಕೋಟೆ ಹೋಬಳಿಯ ಒಂದು ಹಳ್ಳಿ. ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿದೆ. ಮಧ್ಯಾಹ್ನದ ಸೊಪ್ಪು ಹಾಕಿ ಮುಗಿಸಿದ ದೊಡ್ಡಪ್ಪ ಹುಳುಮನೆಯ ಜಗುಲಿಯ ಮೇಲೆ ಕೂತಿದ್ದಾರೆ. ಅರ್ಧ ಆಯಸ್ಸು ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಪತ್ರ ಬರೆದವರು, ಈಗ ಪೂರ್ತಿ ಹಿಪ್ಪುನೇರಳೆಗೆ ಮರಳಿದವರು. ತಮ್ಮನ ಮಗಳು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದಳು. ಗ್ರಾಮಸಭೆಯ ಮುಂದಿಡಲು ಬರೆದ ಅರ್ಜಿಯ ಕರಡನ್ನು ದೊಡ್ಡಪ್ಪನಿಗೆ ಓದಲು ಕೊಟ್ಟಿದ್ದಾಳೆ.

ದೊಡ್ಡಪ್ಪ: ಓದಿದೆ ಕಣಮ್ಮ. ಭೂಸ್ವಾಧೀನ ಬೇಡ ಅಂತ ಮೂರು ಪುಟ ಬರೆದಿದ್ದೀಯ. ಬೇಡ ಅಂದಮೇಲೆ ಭೂಮಿ ಉಳಿಯೋದು ಹೇಗೆ ಅನ್ನೋದಕ್ಕೆ ಮೂರೇ ಸಾಲು ಇದೆ.

ಮಗಳು: ಬೇಡ ಅನ್ನೋದೇ ಮೊದಲ ಕೆಲಸ ಅಲ್ವಾ ದೊಡ್ಡಪ್ಪ? ಪಕ್ಕದ ದೇವನಹಳ್ಳಿ ತಾಲ್ಲೂಕನ್ನೇ ನೋಡಿ. ಚನ್ನರಾಯಪಟ್ಟಣ ಹೋಬಳಿ, 13 ಹಳ್ಳಿ, 1,777 ಎಕರೆ. 2022ರ ಏಪ್ರಿಲ್ 4ಕ್ಕೆ ಧರಣಿ ಕೂತವರು 1,198 ದಿನ ಕೂತರು. ಮಳೆಯಲ್ಲಿ ಕೂತರು, ಬಂಧನ ಆದಮೇಲೂ ಬಂದು ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ಟಿದ್ದೀವಿ ಅಂದರು. ಅದು ನಮ್ಮ ಕಣ್ಣೆದುರಿಗೇ ಆದದ್ದು.

ದೊಡ್ಡಪ್ಪ: ಆ ಜನಕ್ಕೆ ನಾನು ಕೈಮುಗೀತೀನಿ. ಅಷ್ಟು ದಿನ ಕೂರೋಕೆ ಎದೆ ಬೇಕು. ಆದರೆ ಅದೇ ದಿನ ಅದೇ ಸಭೆಯಲ್ಲಿ ಇನ್ನೊಂದು ಮಾತೂ ಬಂತು: ಇಷ್ಟ ಇದ್ದವರು ಜಮೀನು ಕೊಡಬಹುದು, ಅಂಥವರಿಗೆ ಹೆಚ್ಚಿನ ಪರಿಹಾರ ಕೊಡ್ತೀವಿ ಅಂತ. ಆ ಮಾತು ನಮ್ಮ ಹೋಬಳಿಗೂ ಬಂದು ಮುಟ್ಟಿದೆ. ಇಲ್ಲಿ ಕೈಗಾರಿಕಾ ಪ್ರದೇಶಕ್ಕೆ ಅಂತ ಕೆಐಎಡಿಬಿ ಕೇಳಿದ್ದು 2,800 ಎಕರೆಗೂ ಹೆಚ್ಚು. ದೇವನಹಳ್ಳಿಯಲ್ಲಿ ಹೆಚ್ಚಿನವರು ಬೇಡ ಅಂದರು. ನಮ್ಮಲ್ಲಿ ಬೇಡ ಅನ್ನೋರದ್ದೂ ಧರಣಿ, ಬೇಕು ಅನ್ನೋರದ್ದೂ ಧರಣಿ. ಬೇಕು ಅನ್ನೋರನ್ನ ದಲ್ಲಾಳಿಗಳು, ದುಡ್ಡಿಗೆ ಬಿದ್ದೋರು ಅಂತ ಬಯ್ದುಬಿಡೋದು ಸುಲಭ. ಅವರಲ್ಲಿ ನಮ್ಮ ನೆಂಟರೇ ಇದ್ದಾರೆ.

ಮಗಳು: ಅವರ ಜೊತೆ ನಾನೂ ಮಾತಾಡಿದ್ದೀನಿ. ಬೋರ್‌ವೆಲ್ ಸಾವಿರದಿನ್ನೂರು ಅಡಿ ಹೋದರೂ ಧೂಳು ಬಂತು ಅಂತಾರೆ. ಮಗ ಬೆಂಗಳೂರಲ್ಲಿದ್ದಾನೆ, ಯಾರಿಗೋಸ್ಕರ ಉಳಿಸಲಿ ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ದೊಡ್ಡಪ್ಪ: ಉತ್ತರ ಇಲ್ಲದ ಕಡೆಯಿಂದಲೇ ಅರ್ಜಿ ಶುರು ಆಗಬೇಕು. ಸರ್ಕಾರ ಒಂದೇ ಏಟಿಗೆ ತಗೊಳ್ಳೋದಾದರೆ ಊರೆಲ್ಲ ಎದ್ದು ನಿಲ್ಲುತ್ತೆ. ಒಂದೊಂದು ಸರ್ವೆ ನಂಬರ್ ಒಂದೊಂದು ಮಂಗಳವಾರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೋಗೋವಾಗ ಯಾರೂ ಧರಣಿ ಕೂರಲ್ಲ. ಕೂರೋಕೆ ಯಾವ ಹಕ್ಕಿದೆ? ಅವನ ಜಮೀನು, ಅವನು ಮಾರಿದ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದಮೇಲೆ ಕೊಳ್ಳೋನು ರೈತನೇ ಆಗಿರಬೇಕು ಅಂತಲೂ ಇಲ್ಲ. ಮೊದಲಾದರೆ ಬೆಂಗಳೂರಿನವನು ಕೊಳ್ಳೋಕೆ ನೂರು ಸುತ್ತು ಸುತ್ತಬೇಕಿತ್ತು, ಅಷ್ಟರಲ್ಲಿ ಮಾರೋನಿಗೆ ಯೋಚನೆ ಮಾಡೋಕೆ ಹೊತ್ತು ಸಿಗ್ತಿತ್ತು. ಈಗ ಬೆಳಿಗ್ಗೆ ಅಗ್ರಿಮೆಂಟು, ತಿಂಗಳೊಳಗೆ ಕ್ರಯ.

ಮಗಳು: ನೀವು ಬರೆದ ಕ್ರಯಪತ್ರಗಳಲ್ಲಿ ಜನ ಯಾಕೆ ಮಾರ್ತಿದ್ರು ದೊಡ್ಡಪ್ಪ? ನಿಜವಾಗಿ?

ದೊಡ್ಡಪ್ಪ: ಪ್ರತಿ ಪತ್ರದಲ್ಲೂ ಒಂದು ಸಾಲು ಬರೀತಿದ್ದೆವು: ಸಂಸಾರದ ಅಡಚಣೆ ನಿವಾರಣೆಗೋಸ್ಕರ ಈ ಕೆಳಕಂಡ ಷೆಡ್ಯೂಲು ಸ್ವತ್ತನ್ನು ಕ್ರಯಕ್ಕೆ ಕೊಡಲು ಒಪ್ಪಿ... ಅದು ರೂಢಿಯ ಒಕ್ಕಣೆ, ಯಾರೂ ಗಮನ ಕೊಡಲ್ಲ. ನಾನು ಮಾತ್ರ ಕೇಳ್ತಿದ್ದೆ, ಏನಪ್ಪಾ ಅಡಚಣೆ ಅಂತ. ಒಬ್ಬನಿಗೆ ಹೆಂಡತಿಯ ಆಪರೇಷನ್. ಒಬ್ಬನಿಗೆ ಮಗಳ ಮದುವೆಗೆ ಮಾಡಿದ ಕೈಸಾಲ, ಬಡ್ಡಿ ಅಸಲಿನ ಮೇಲೆ ಹೋಗಿತ್ತು. ಒಬ್ಬ ಎರಡು ಬೋರ್ ಸಾಲಾಗಿ ಕೊರೆಸಿದ್ದ, ಎರಡೂ ಒಣ. ಟೊಮೆಟೊ ಹಾಕಿದವನಿಗೆ ಚಿಂತಾಮಣಿ ಮಂಡಿಯಲ್ಲಿ ಕ್ರೇಟಿನ ಕೂಲಿಯೂ ಹುಟ್ಟಲಿಲ್ಲ. ಜಮೀನಿನ ಮೇಲೆ ಬೇಸರ ಬಂದು ಮಾರಿದವರು ಇದ್ದರು, ಇಲ್ಲ ಅನ್ನಲ್ಲ, ಆದರೆ ಕಡಿಮೆ. ಹೆಚ್ಚಿನವರು ಒಂದು ಕೆಟ್ಟ ವರ್ಷ ದಾಟೋಕಾಗದೆ ಮಾರಿದವರು. ಎರಡು ಲಕ್ಷದ ಕಷ್ಟಕ್ಕೆ ಎರಡು ಎಕರೆ ಹೋಗಿದ್ದನ್ನ ನನ್ನ ಕೈಯಾರೆ ಬರೆದಿದ್ದೀನಿ.

ಮಗಳು: ಎರಡು ಲಕ್ಷಕ್ಕೆ?

ದೊಡ್ಡಪ್ಪ: ಎರಡು ಲಕ್ಷ ಸಾಲ ಕೊಡೋರಿಲ್ಲ. ಎರಡು ಎಕರೆ ಕೊಳ್ಳೋರಿದ್ದಾರೆ, ಅದೂ ನಾಳೆಯೇ ಅಡ್ವಾನ್ಸ್ ಕೊಡ್ತಾರೆ. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಸಾಲ ಅಂತ ಸರ್ಕಾರ ಹೇಳಿದೆ, ಸರಿ, ಆದರೆ ಅದು ಬೆಳೆಸಾಲ. ಆಸ್ಪತ್ರೆಗೆ ಅಂತ ಯಾವ ಸೊಸೈಟಿ ಕೊಡುತ್ತೆ?

ಮಗಳು: ನಾನು ಬಂದದ್ದೂ ಆ ಹಣದ ಮಾತಿಗೇ. ಅಮೆರಿಕದಲ್ಲಿ ನ್ಯೂಯಾರ್ಕ್ ಪಕ್ಕ ಲಾಂಗ್ ಐಲ್ಯಾಂಡ್ ಅಂತ ಇದೆ. ಉದ್ದಕ್ಕೂ ಆಲೂಗಡ್ಡೆ ಬೆಳೀತಿದ್ದ ಸೀಮೆ. ನಗರ ಬೆಳೆದು ಆ ಕಡೆಗೇ ಬಂತು, ನಮಗೆ ವಿಮಾನ ನಿಲ್ದಾಣ ಬಂದ ಹಾಗೆ. ಅಲ್ಲಿನ ಸಫೊಕ್ ಕೌಂಟಿ 1974ರಲ್ಲಿ ಒಂದು ಯೋಜನೆ ಮಾಡಿತು. ಹೊಲ ರೈತನದ್ದೇ, ಉಳೋನು ಅವನೇ, ಮಕ್ಕಳಿಗೆ ಕೊಡೋನೂ ಅವನೇ. ಆ ಹೊಲದಲ್ಲಿ ಕಟ್ಟಡ ಎಬ್ಬಿಸೋ ಹಕ್ಕನ್ನ ಮಾತ್ರ ಕೌಂಟಿ ದುಡ್ಡು ಕೊಟ್ಟು ಕೊಂಡುಕೊಳ್ತು. ಆಮೇಲೆ ಆ ಜಮೀನು ಯಾರ ಕೈಗೆ ಹೋದರೂ ಹೊಲವಾಗೇ ಇರಬೇಕು.

ದೊಡ್ಡಪ್ಪ: ದುಡ್ಡು ಎಲ್ಲಿಂದ ತಂದರು? ಅದನ್ನ ಹೇಳು.

ಮಗಳು: ಮೊದಲು ಸಾಲಪತ್ರ ಮಾಡಿ. ಆಮೇಲೆ 1998ರ ನವೆಂಬರಲ್ಲಿ ಪೂರ್ವ ತುದಿಯ ಐದು ಊರಾಡಳಿತಗಳ ಜನ ಮತ ಹಾಕಿ ತಮಗೆ ತಾವೇ ಒಂದು ತೆರಿಗೆ ಹಾಕಿಕೊಂಡರು. ಜಮೀನು, ಮನೆ ಕೈ ಬದಲಾದಾಗ ಕೊಳ್ಳೋನು ಬೆಲೆಯ ನೂರಕ್ಕೆ 2 ಕೊಡಬೇಕು. ಸಣ್ಣ ಬೆಲೆಯ ಸ್ವತ್ತಿಗೆ ವಿನಾಯಿತಿ. ಆ ದುಡ್ಡು ಆಯಾ ಊರಿನ ನಿಧಿಗೇ, ಹೊಲ, ಬಯಲು, ನೀರಿನ ಮೂಲ ಇಂಥವನ್ನ ಉಳಿಸೋಕೆ. 1999ರಿಂದ ನಡೀತಿದೆ. ಇವತ್ತು ಆ ಆಲೂಗಡ್ಡೆ ಹೊಲಗಳಲ್ಲಿ ಎಷ್ಟೋ ಕಡೆ ದ್ರಾಕ್ಷಿ ತೋಟ ಇದೆ, ನಮ್ಮ ಚಿಕ್ಕಬಳ್ಳಾಪುರದ ಹಾಗೆ.

ದೊಡ್ಡಪ್ಪ: ಇದು ನನ್ನ ಕಸುಬಿನ ಲೆಕ್ಕ. ನಮ್ಮಲ್ಲೂ ಇಂಥದ್ದೊಂದು ಇದೆ, ಗೊತ್ತಾ? ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5. ಆ ಶುಲ್ಕದ ಮೇಲೆ ಗ್ರಾಮಾಂತರದ ಸ್ವತ್ತಾದರೆ ನೂರಕ್ಕೆ 3ರಂತೆ ಸರ್‌ಚಾರ್ಜ್. ಪಂಚಾಯತ್ ರಾಜ್ ಕಾಯ್ದೆ ಅದನ್ನ ಹಾಕಿರೋದೇ ತಾಲ್ಲೂಕು ಪಂಚಾಯಿತಿಗೋಸ್ಕರ.

ಮಗಳು: ನೂರಕ್ಕೆ 3! ಅವರಿಗಿಂತ ಹೆಚ್ಚಾಯ್ತಲ್ಲ.

ದೊಡ್ಡಪ್ಪ: ನಿಧಾನ. ಅವರದ್ದು ಬೆಲೆಯ ಮೇಲೆ, ನಮ್ಮದು ಶುಲ್ಕದ ಮೇಲೆ. ಒಂದು ಕೋಟಿಯ ಕ್ರಯ ಅಂತ ಇಟ್ಕೋ. ಶುಲ್ಕ 5 ಲಕ್ಷ. ಅದರ ಮೇಲೆ ನೂರಕ್ಕೆ 3 ಅಂದರೆ 15,000 ರೂಪಾಯಿ. ಅವರ ಲೆಕ್ಕದಲ್ಲಿ ಅದೇ ಕ್ರಯಕ್ಕೆ 2 ಲಕ್ಷ. ನಮ್ಮ 15,000ವೂ ಹೊಲಕ್ಕೆ ಅಂತ ಗುರುತು ಹಾಕಿದ ದುಡ್ಡಲ್ಲ, ಇಡೀ ತಾಲ್ಲೂಕಿನ ಖರ್ಚಿನಲ್ಲಿ ಸೇರಿಹೋಗುತ್ತೆ.

ಮಗಳು: ಹೆಚ್ಚು ಮಾಡೋಕೆ ಜನ ಒಪ್ತಾರಾ ಅಂತ ಕೇಳ್ತಾರೆ.

ದೊಡ್ಡಪ್ಪ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯ್ತು. ಒಂದು ಆದೇಶ, ಅಷ್ಟೇ. ಕೋಟಿಗೆ ಒಂದು ಲಕ್ಷ ಹೆಚ್ಚಾಯ್ತು, ಜನ ಕಟ್ತಿದ್ದಾರೆ. ಅಂದರೆ ಭಾರ ಹೊರೋ ಶಕ್ತಿ ವ್ಯವಹಾರದಲ್ಲಿದೆ. ಆ ಹೆಚ್ಚಿದ ಒಂದು ಶೇಕಡಾದಲ್ಲಿ ಅರ್ಧ, ಯಾವ ಹಳ್ಳಿಯ ಎಲ್ಲೆಯೊಳಗಿನ ಜಮೀನು ಮಾರಾಟ ಆಯ್ತೋ ಆ ಹಳ್ಳಿಯ ಪಂಚಾಯಿತಿಗೆ ಬರಲಿ ಅಂತ ಕೇಳು. ಹೊಸ ತೆರಿಗೆ ಕೇಳ್ತಿಲ್ಲ, ಇರೋದರಲ್ಲಿ ಊರಿನ ಪಾಲು ಕೇಳ್ತಿದ್ದೀವಿ ಅಂತ ಬರಿ. ಹೊಲ ಸೈಟಾಗೋಕೆ ಡಿಸಿ ಕನ್ವರ್ಷನ್ ಆದಾಗ ಕಟ್ಟೋ ಶುಲ್ಕದಲ್ಲೂ ಪಾಲು ಕೇಳು. ಹೊಲ ಹೋಗೋದು ಊರಿಂದ, ದುಡ್ಡು ಹೋಗೋದು ಬೆಂಗಳೂರಿಗೆ, ಇದು ಸರಿಯಲ್ಲ. ರೈತ ರೈತನಿಗೇ ಮಾರಿದರೆ, ಅಣ್ಣತಮ್ಮಂದಿರ ಭಾಗಪತ್ರ ಆದರೆ ಏನೂ ಬೇಡ.

ಮಗಳು: ಪಂಚಾಯಿತಿಯಲ್ಲಿ ಕೂತಾಗ ನನ್ನನ್ನ ಕಾಡಿದ್ದು ಇನ್ನೊಂದು. ಪಂಚಾಯಿತಿ ತೆರಿಗೆ ಹಾಕಬಹುದಾದ್ದು ಕಟ್ಟಡಕ್ಕೆ, ಮತ್ತೆ ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೆ. ಹಿಪ್ಪುನೇರಳೆ ತೋಟದಿಂದ ಪಂಚಾಯಿತಿಗೆ ಒಂದು ರೂಪಾಯಿ ಬರಲ್ಲ. ಅದೇ ತೋಟ ಲೇಔಟ್ ಆದರೆ ಪ್ರತಿ ಸೈಟಿಗೂ ಕಂದಾಯ. ಬಿಲ್ ಕಲೆಕ್ಟರ್ ಸಂಬಳ, ಬೀದಿ ದೀಪ, ಮೋಟಾರ್ ರಿಪೇರಿ, ಎಲ್ಲ ಅದರಲ್ಲೇ ನಡೀಬೇಕು. ಲೇಔಟ್ ಬಂದರೆ ಒಳ್ಳೇದು ಅಂತ ಸಭೆಯಲ್ಲಿ ಸದಸ್ಯರು ಹೇಳೋವಾಗ ಅವರು ಕೆಟ್ಟವರಲ್ಲ. ಅವರ ಮುಂದಿರೋ ಲೆಕ್ಕದ ಪುಸ್ತಕವೇ ಹಾಗಿದೆ.

ದೊಡ್ಡಪ್ಪ: ಇದನ್ನ ಅರ್ಜಿಯಲ್ಲಿ ಬರೆದೇ ಇಲ್ಲವಲ್ಲ ನೀನು! ಇದೇ ಮೊದಲ ಪುಟ ಆಗಬೇಕು. ಹೊಲ ಹೊಲವಾಗಿದ್ದರೂ ಪಂಚಾಯಿತಿಗೆ ಆದಾಯ ಇರಬೇಕು, ಇಲ್ಲದಿದ್ದರೆ ಪಂಚಾಯಿತಿಯೇ ಲೇಔಟಿನ ಪಕ್ಷ ಆಗುತ್ತೆ.

ಮಗಳು: ಕೈಗಾರಿಕೆಯ ವಿರೋಧಿ ಅನ್ನಿಸಿಕೊಳ್ಳೋಕೆ ನನಗೂ ಇಷ್ಟ ಇಲ್ಲ. ಗೌರಿಬಿದನೂರಿಗೆ ಕುಡುಮಲಕುಂಟೆ ಇದೆ, ಚಿಂತಾಮಣಿಗೆ ಮಸ್ತೇನಹಳ್ಳಿ ಇದೆ. ಅಲ್ಲಿಗೆ ಬಸ್ ಹತ್ತಿ ಹೋಗೋ ಹುಡುಗಿಯರು ನಮ್ಮ ಕಡೆಯವರೇ, ಅವರ ಸಂಬಳದಲ್ಲಿ ಮನೆ ನಡೀತಿದೆ. ಇರೋ ಕೈಗಾರಿಕಾ ಪ್ರದೇಶ ಪೂರ್ತಿ ತುಂಬಲಿ, ಆಮೇಲೆ ನೀರಾವರಿ ಹೊಲ ಕೇಳಲಿ.

ದೊಡ್ಡಪ್ಪ: ನ್ಯಾಯವಾದ ಮಾತು. ಬಾ ಇಲ್ಲಿ, ಈ ಎಲೆ ನೋಡು. ಹಿಂದಿಂದ ಹಿಡಿ, ಬೆಳಕಿಗೆ. ಕಾಣ್ತಾ, ಬೂದಿ ಥರ?

ಮಗಳು: ಧೂಳಾ?

ದೊಡ್ಡಪ್ಪ: ಆ ಬದುವಿನಾಚೆ ಲೇಔಟಿಗೆ ಜಲ್ಲಿ ಹಾಕ್ತಿದ್ದಾರೆ. ಗಾಳಿ ಈ ಕಡೆಗೆ. ಹುಳು ಮರಿಯಿಂದ ಗೂಡಿಗೆ ಬರೋವರೆಗೆ ಇಪ್ಪತ್ತೈದು ದಿನ ಚಿಲ್ಲರೆ. ತಿನ್ನೋದರಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕಡೇ ಏಳೆಂಟು ದಿನದಲ್ಲೇ ತಿನ್ನುತ್ತೆ. ಈಗ ಇಂಥ ಸೊಪ್ಪು ಹಾಕಿದರೆ ಮೇವು ಬಿಡುತ್ತೆ. ತೊಳೆದು ಹಾಕೋಣ ಅಂದರೆ ಒದ್ದೆ ಸೊಪ್ಪಿನಿಂದ ಹುಳುವಿಗೆ ರೋಗ ಬರುತ್ತೆ. ಅದಕ್ಕೆ ಆ ಬದುವಿನ ಪಕ್ಕದ ನಾಲ್ಕು ಸಾಲು ಕುಯ್ಯೋದೇ ಬಿಟ್ಟಿದ್ದೀನಿ. ನಾಲ್ಕು ಸಾಲು ಇವತ್ತು. ಇನ್ನೊಂದು ಪಕ್ಕದಲ್ಲೂ ಲೇಔಟ್ ಬಂದರೆ ಎಂಟು ಸಾಲು. ಆಮೇಲೆ ಕುಯ್ಯೋ ಕೂಲಿ ಗಿಟ್ಟಲ್ಲ. ನಾನು ಮಾರದೇ ಇದ್ದರೂ ನನ್ನ ತೋಟ ಹೋದಂಗೇ. ಟೊಮೆಟೊ, ದ್ರಾಕ್ಷಿಗೆ ಹೊಡೆಯೋ ಔಷಧಿ ಗಾಳಿಯಲ್ಲಿ ಬಂದರೂ ಹೀಗೇ ಆಗುತ್ತೆ, ಆದರೆ ಆ ರೈತನ ಹತ್ರ ಹೋಗಿ ನಾಳೆ ಹೊಡೆಯಪ್ಪ ಅನ್ನಬಹುದು. ಜಲ್ಲಿ ಲಾರಿಗೆ ಯಾರು ಹೇಳೋದು?

ಮಗಳು: ಹಾಗಾದರೆ ಒಬ್ಬೊಬ್ಬರ ಜಮೀನು ಉಳಿಸೋ ಯೋಜನೆ ಸಾಲದು.

ದೊಡ್ಡಪ್ಪ: ಸಾಲದು. ಒಂದು ಕೆರೆ, ಅದರ ಅಚ್ಚುಕಟ್ಟು, ಅದಕ್ಕೆ ಹೊಂದಿಕೊಂಡ ತೋಟಗಳು, ಒಟ್ಟಿಗೆ ಒಂದು ಚಕ್ಕುಬಂದಿ ಹಾಕಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೂ ಅಷ್ಟೇ. ಸುತ್ತಲಿನ ಹಳ್ಳಿಗಳಿಂದ ಗೂಡು ಬರೋವರೆಗೆ ನೂಲು ಬಿಚ್ಚೋ ರೀಲರ್ ಇರ್ತಾನೆ, ರೀಲರ್ ಇರೋವರೆಗೆ ಹರಾಜು ಇರುತ್ತೆ. ಗೂಡು ಒಂದು ಮಟ್ಟಕ್ಕಿಂತ ಕಡಿಮೆ ಆಯ್ತೋ, ಮಗ್ಗಲಲ್ಲೇ ಚರಕ ಇಟ್ಟುಕೊಂಡ ಬಡ ಸಾಬರ ಮನೆಗಳು ಮೊದಲು ಮುಚ್ಚುತ್ತವೆ. ಅವರಿಗೆ ಮಾರೋಕೆ ಜಮೀನೂ ಇಲ್ಲ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇಲ್ಲ.

ಮಗಳು: ಕೆರೆ ಅಂದಿರಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ನೀರು ಸಂಸ್ಕರಿಸಿ 65 ಕೆರೆಗೆ, ದಿನಕ್ಕೆ 21 ಕೋಟಿ ಲೀಟರ್ ಅಂತ ಯೋಜನೆ ಮಾಡಿ ಸರ್ಕಾರ ಖರ್ಚು ಮಾಡಿದೆ. ಆ ನೀರು ಇನ್ನೊಂದು ಹಂತ ಶುದ್ಧ ಆಗಬೇಕು ಅನ್ನೋದು ನಮ್ಮ ಜಿಲ್ಲೆಯ ಹಳೇ ಕೂಗು, ಅದು ಬೇರೆ ಹೋರಾಟ. ಕೆರೆ ತುಂಬಿಸೋದು ಅಂತರ್ಜಲಕ್ಕೆ, ಅಂತರ್ಜಲ ಹೊಲಕ್ಕೆ. ಹೊಲವೇ ಇಲ್ಲದಿದ್ದರೆ ಪೈಪು ಹಾಕಿದ್ದಾದರೂ ಯಾಕೆ?

ದೊಡ್ಡಪ್ಪ: ಹಿಂದಿನವರು ಇದಕ್ಕೆ ದಾರಿ ಮಾಡಿದ್ದರು. ನಮ್ಮ ಕೋಲಾರ ಸೀಮೆಯ ಶಾಸನಗಳಲ್ಲಿ ದಶವಂದ ಅಂತ ಬರುತ್ತೆ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಬಿಟ್ಟುಕೊಡೋದು, ಅವನು ಕೆರೆ ನೋಡಿಕೊಳ್ಳೋದು. ನೀರಗಂಟಿಗೆ ಕೊಯ್ಲಿನಲ್ಲಿ ಇಷ್ಟು ಕೊಳಗ ಅಂತ ಅಚ್ಚುಕಟ್ಟಿನವರೇ ಅಳೆದುಕೊಡೋರು. ದುಡ್ಡು ಹುಟ್ಟಿದ ಜಾಗದಲ್ಲೇ ಖರ್ಚಾಗ್ತಿತ್ತು. ಎಲ್ಲರಿಗೂ ಸಮಪಾಲು ಸಿಕ್ತಿತ್ತು ಅಂತ ನಾನು ಹೇಳಲ್ಲ. ಆ ಪಾಲು ಪಡೆದವರು ಯಾರು, ಕೆರೆ ಅಗೆದವರು ಯಾರು ಅಂತ ಕೇಳಿದರೆ ಬೇರೆ ಕಥೆ ಬರುತ್ತೆ.

ಮಗಳು: ಈಗಿನ ಕಾನೂನಿನಲ್ಲೂ ಊರಿನ ನಿಧಿಗೆ ಜಾಗ ಇದೆ ದೊಡ್ಡಪ್ಪ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯಿತಿಗೂ ಒಂದು ಸಮಿತಿ, ಸ್ಥಳೀಯ ಜೀವವೈವಿಧ್ಯ ನಿಧಿ ಅಂತ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು, 54 ಎಕರೆ, ಅದೇ ಕಾಯ್ದೆಯಲ್ಲಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಸುತ್ತ ಎಕರೆಗಳು ಕೋಟಿಗೆ ಹೋದರೂ ತೋಪು ನಿಂತಿದೆ.

ದೊಡ್ಡಪ್ಪ: ತೋಪು ಊರಿನ ಸ್ವತ್ತು, ನಿಂತಿತು. ಪಟ್ಟಾ ಜಮೀನಿಗೆ ಅದು ನಡೆಯಲ್ಲ. ಗುಂಡುತೋಪು, ಗೋಮಾಳ, ಕೆರೆಯಂಗಳಕ್ಕೆ ಅದನ್ನ ಬಳಸು, ಬೇರೆ ಪ್ಯಾರಾ ಮಾಡು. ಪಟ್ಟಾ ಜಮೀನಿಗೆ ಒಪ್ಪಂದ ಬೇಕು. ನಿನ್ನ ಸಫೊಕ್‌ನವರ ಹಾಗೆ ಕಟ್ಟಡದ ಹಕ್ಕನ್ನ ಶಾಶ್ವತವಾಗಿ ಕೊಳ್ಳೋಕೆ ಇಲ್ಲಿನ ಬೆಲೆಗೆ ನಿಧಿ ಎಷ್ಟಿದ್ದರೂ ಸಾಲಲ್ಲ. ಶಾಶ್ವತ ಅಂದ ತಕ್ಷಣ ರೈತ ಎದ್ದು ಹೋಗ್ತಾನೆ. ನಾನೂ ಹೋಗ್ತೀನಿ. ಮೊಮ್ಮಕ್ಕಳ ಕೈಯನ್ನ ನಾನು ಯಾಕೆ ಕಟ್ಟಲಿ?

ಮಗಳು: ಹಾಗಿದ್ದರೆ ಹೇಗೆ?

ದೊಡ್ಡಪ್ಪ: ಅಡಚಣೆಗೆ ಸಾಲ. ನಿಧಿ ಪಂಚಾಯಿತಿ ಖಾತೆಯಲ್ಲಿ ಬೇಡ, ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬೇರೆ ಖಾತೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘ ಇಂಥ ಕೆಲಸಕ್ಕೇ ಅಲ್ವಾ ಹುಟ್ಟಿದ್ದು, ರೈತ ಸಾಹುಕಾರನ ಬಾಗಿಲಿಗೆ ಹೋಗದಿರಲಿ ಅಂತ? ಆಸ್ಪತ್ರೆ, ಬೋರ್ ಫೇಲು, ಬೆಳೆ ನಷ್ಟ, ಈ ಮೂರಕ್ಕೆ ಬಡ್ಡಿ ಇಲ್ಲದೆ ಕೊಡಲಿ. ಅದಕ್ಕೆ ಬದಲಾಗಿ 15 ವರ್ಷ ಈ ಸರ್ವೆ ನಂಬರನ್ನ ಕನ್ವರ್ಷನ್ ಮಾಡಿಸಲ್ಲ ಅಂತ ಕರಾರು, ಪಹಣಿಯ 11ನೇ ಕಾಲಂನಲ್ಲಿ ನಮೂದು. ಮಾರಲಿ ಬೇಕಾದರೆ, ಆದರೆ ಕೊಂಡವನೂ ಹೊಲವಾಗೇ ಇಟ್ಟುಕೊಳ್ಳಬೇಕು. ಜಮೀನಿಗೆ ಷರತ್ತು ಅಂಟಿಸೋದು ನಮಗೆ ಹೊಸದಲ್ಲ. ಎಸ್‌ಸಿ, ಎಸ್‌ಟಿಯವರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆಯಲ್ಲ. ಆ ಷರತ್ತು ಎಷ್ಟು ಮನೆಗಳ ಜಮೀನನ್ನ ವಾಪಸ್ ತಂದಿದೆ ಅಂತ ನಾನು ಕಚೇರಿಯಲ್ಲಿ ನೋಡಿದ್ದೀನಿ.

ಮಗಳು: ಸಾಲ ತೀರಿಸದಿದ್ದರೆ? ನಿಧಿ ಜಮೀನು ಹರಾಜು ಹಾಕುತ್ತಾ?

ದೊಡ್ಡಪ್ಪ: ಹಾಕಬಾರದು. ಹಾಕಿದರೆ ನಾವು ಇನ್ನೊಬ್ಬ ಸಾಹುಕಾರ ಆದೆವು. ಕರಾರಿನ ವರ್ಷ ಹೆಚ್ಚಾಗುತ್ತೆ ಅಂತ ಇಡು. 15 ಇದ್ದದ್ದು 20 ಆಗಲಿ. ನಿಧಿಗೆ ದುಡ್ಡು ಬರಲ್ಲ, ಊರಿಗೆ ಹೊಲ ಉಳಿಯುತ್ತೆ, ನಿಧಿ ಹುಟ್ಟಿದ್ದೇ ಅದಕ್ಕೆ.

ಮಗಳು: ನಿಧಿ ಪಕ್ಷದವರ ಕೈಗೆ ಸಿಕ್ಕರೆ, ಅಂತ ಊರಲ್ಲಿ ಖಂಡಿತ ಕೇಳ್ತಾರೆ.

ದೊಡ್ಡಪ್ಪ: ಯಾರಿಗೆ ಎಷ್ಟು ಕೊಟ್ಟೆವು ಅನ್ನೋದನ್ನ ಗ್ರಾಮಸಭೆಯಲ್ಲಿ ಓದಬೇಕು, ಪಂಚಾಯಿತಿ ಗೋಡೆಯ ಮೇಲೆ ಬರೆಯಬೇಕು. ಅದಕ್ಕಿಂತ ದೊಡ್ಡ ಕಾವಲು ನನಗೆ ಗೊತ್ತಿಲ್ಲ. ಕಾಯೋ ಜನ ಇದ್ದರೆ ಉಳಿಯುತ್ತೆ.

ಮಗಳು: ನನ್ನದೊಂದು ಷರತ್ತು. ಲಾಂಗ್ ಐಲ್ಯಾಂಡಿನಲ್ಲಿ ಹೊಲ ಉಳೀತು, ಆದರೆ ಬೆಲೆ ಏರಿ ಅಲ್ಲಿ ಕೆಲಸ ಮಾಡೋ ಜನಕ್ಕೇ ಮನೆ ಸಿಗದ ಹಾಗಾಯ್ತು. 2022ರಲ್ಲಿ ಆ ಐದರಲ್ಲಿ ನಾಲ್ಕು ಊರಿನವರು ಮತ್ತೆ ಮತ ಹಾಕಿ, ವಸತಿಗೆ ಅಂತ ಇನ್ನೂ ಅರ್ಧ ಶೇಕಡಾ ಸೇರಿಸಿದರು. ನಾವು ಮೊದಲೇ ಸೇರಿಸೋಣ. ನಿಧಿಯ ಕಾಲು ಭಾಗ ಜಮೀನಿಲ್ಲದ ಮನೆಗಳಿಗೆ. ಸೊಪ್ಪು ಕುಯ್ಯೋ ಹೆಂಗಸರು, ಚಂದ್ರಿಕೆಯಿಂದ ಗೂಡು ಬಿಡಿಸೋರು, ಚರಕದ ಮನೆಯವರು. ಆಸ್ಪತ್ರೆ ಖರ್ಚು ಅವರಿಗೂ ಬರುತ್ತೆ, ಮಾರೋಕೆ ಎಕರೆ ಇಲ್ಲ ಅಷ್ಟೇ. ಹೊಲ ಉಳಿಸೋ ಮಾತಲ್ಲಿ ಹೊಲ ಇದ್ದವರು ಮಾತ್ರ ಇದ್ದರೆ ಗ್ರಾಮಸಭೆಯಲ್ಲಿ ಅರ್ಧ ಊರು ಕೈ ಎತ್ತಲ್ಲ, ಎತ್ತಬೇಕಾಗೂ ಇಲ್ಲ.

ದೊಡ್ಡಪ್ಪ: ಕಾಲು ಭಾಗ ಜಾಸ್ತಿ ಆಯ್ತು ಅಂತ ನಮ್ಮೋರು ಗಲಾಟೆ ಮಾಡ್ತಾರೆ.

ಮಗಳು: ನೀವು ಮಾಡ್ತೀರಾ?

ದೊಡ್ಡಪ್ಪ: ಇಲ್ಲ. ನನ್ನ ಸೊಪ್ಪು ಕುಯ್ಯೋರು ಅವರೇ. ಮೂರನೇ ಒಂದು ಅಂತ ಕೇಳು, ಚೌಕಾಸಿ ಮಾಡಿ ಕಾಲು ಭಾಗಕ್ಕೆ ನಿಲ್ಲುತ್ತೆ. ಕಾಲು ಅಂತಲೇ ಕೇಳಿದರೆ ಎಂಟನೇ ಒಂದಕ್ಕೆ ಇಳಿಸ್ತಾರೆ. ಈ ಮೂರು ಪುಟ ಪಕ್ಕಕ್ಕಿಟ್ಟು ಹೊಸ ಹಾಳೆ ತಗೋ. ಮೊದಲು ಪಂಚಾಯಿತಿಯ ಆದಾಯದ ಮಾತು, ಆಮೇಲೆ ನೋಂದಣಿ ಶುಲ್ಕದ ಪಾಲು, ಆಮೇಲೆ ಕರಾರು. ಕೊನೆಯಲ್ಲಿ ಕೆರೆಯ ಸುತ್ತಿನ ಸರ್ವೆ ನಂಬರ್‌ಗಳ ಪಟ್ಟಿ ಪೂರ್ತಿ ಹಾಕು, ವಿಸ್ತೀರ್ಣ ಎಕರೆ-ಗುಂಟೆ ಸಮೇತ. ಸರ್ವೆ ನಂಬರ್ ಇಲ್ಲದ ಅರ್ಜಿಯನ್ನ ತಾಲ್ಲೂಕು ಕಚೇರಿಯಲ್ಲಿ ಯಾರೂ ಮುಂದಕ್ಕೆ ಕಳಿಸಲ್ಲ. ನನ್ನದು ಮೊದಲು ಬರಿ. ಅದರ ಕೆಳಗೆ ನಿಮ್ಮಪ್ಪನದು, ಅವನನ್ನ ಕೇಳಿಕೊಂಡು.